ಮುಚ್ಚಳದಿಂದ ಕೊಯ್ದ ರೆಕ್ಕೆ

ಕುಷ್ಟಗಿಗೂ ಯಲಬುರ್ಗಿಗೂ ನಡುವೆ ಇರುವ ಒಂದು ಹಳ್ಳಿಯಲ್ಲಿ ನಾವು ವಾಸವಾಗಿದ್ದ ಮನೆಯ ಬಗ್ಗೆ, ಆ ಮನೆಯಲ್ಲಿ ನನ್ನ ಅಣ್ಣ ಬಸವರಾಜನು ತಯಾರಿಸಿದ ಒಂದು ವಿಮಾನದ ಬಗ್ಗೆ ಮತ್ತು ಆ ವಿಮಾನದ ಕಾರಣದಿಂದ ಕೆಲಸ ಕಳೆದುಕೊಂಡ ಹುಲಿಗೆವ್ವ ಎಂಬ ಹೆಣ್ಣುಮಗಳ ಬಗ್ಗೆ ನನಗೆ ನೆನಪಿರುವಷ್ಟನ್ನು ಈ ಅಧ್ಯಾಯದಲ್ಲಿ ಓದುಗರ ಅವಗಾಹನೆಗೆ ತರಬಯಸುತ್ತೇನೆ. ಊರಿನ ಹೆಸರನ್ನೂ ಅಲ್ಲಿನ ಸರಕಾರಿ ದವಾಖಾನೆಯ ಹೆಸರನ್ನೂ ತಿಳಿದೇ ಬಿಟ್ಟಿದ್ದೇನೆ. ನಾನು ಸೇವಾವಧಿಯ ಉದ್ದಕ್ಕೂ ಗುಮಾಸ್ತಳಾಗಿದ್ದು, ಬೇರೆಯವರ ಸಹಿಗಾಗಿ ಎಷ್ಟೋ ಪತ್ರಗಳನ್ನು ಬರೆದಿರುತ್ತೇನೆ. ನನ್ನ ಹೆಸರಿನಲ್ಲಿ, ನನ್ನ ಸಲುವಾಗಿ ಬರೆಯುತ್ತಿರುವುದು ಇದೇ ಮೊದಲು. ಹೀಗಾಗಿ ಎಲ್ಲಿ ಆರಂಭಿಸಬೇಕೆಂಬ ಅಳುಕು ಇದೆ. ಮನೆಯಿಂದಲೇ ಆರಂಭಿಸುವುದು ಕ್ರಮವೆಂದು ಭಾವಿಸುತ್ತೇನೆ.

ಮನೆಯು ಮೂರು ಅಂಕಣದ್ದಾಗಿತ್ತು. ಗೋಡೆ ಕಲ್ಲಿನದು, ಮೇಲೆ ಮಣ್ಣಿನ ಮಾಳಿಗೆ. ಅಡುಗೆಯ ಅಂಕಣಕ್ಕೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಯೊಂದರಿಂದ ಹಗಲು ಒಳಗೆ ಇಳಿಯುತ್ತಿತ್ತು, ಒಲೆಯ ಹೊಗೆ ಹೊರಗೆ ಏರುತ್ತಿತ್ತು. ನಡುವಿನ ಅಂಕಣದಲ್ಲಿ ತಂದೆಯವರ ಕಬ್ಬಿಣದ ಟ್ರಂಕು, ಅದರ ಮೇಲೆ ಮಡಚಿಟ್ಟ ಎರಡು ಕಂಬಳಿ. ಹೊರಗಿನ ಪಡಸಾಲೆಯಲ್ಲಿ ತಂದೆಯವರ ತಾಯಿ ಕುಳಿತಿರುತ್ತಿದ್ದರು. ನಾವು ಅವರನ್ನು ಆಯಿ ಎನ್ನುತ್ತಿದ್ದೆವು. ಆಯಿ ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಒರಳಿನಲ್ಲಿ ರುಬ್ಬಿ, ದೊಡ್ಡ ಮಣ್ಣಿನ ಗಡಿಗೆಯಲ್ಲಿ ಗಂಜಿ ಕಾಯಿಸುತ್ತಿದ್ದರು. ಕಂಬಳಿ ನೇಯುವವರು ಉಣ್ಣೆಯ ಎಳೆ ಬಿಗಿಯಾಗಲೆಂದು ಆ ಗಂಜಿಯನ್ನು ಒಯ್ಯುತ್ತಿದ್ದರು. ಊರಿನಲ್ಲಿ ಈ ಗಂಜಿ ಮಾಡುವವರು ಬೇರೆಯವರೂ ಇದ್ದರು. ಆದರೆ ನುಸಿ ಹತ್ತಬಾರದೆಂದು ಬೇವಿನ ಎಲೆ ಕುದಿಸಿದ ನೀರನ್ನು ಅದಕ್ಕೆ ಸೇರಿಸುತ್ತಿದ್ದವರು ನಮ್ಮ ಆಯಿ ಒಬ್ಬರೇ. ಗಡಿಗೆ ಇಳಿಸಿದ ಕೂಡಲೇ ಒಂದು ಹನಿಯನ್ನು ನಾಲಿಗೆಯ ತುದಿಗೆ ಹಚ್ಚಿಕೊಂಡು, ಕಹಿ ಸಾಕೆನಿಸಿದರೆ ಮಾತ್ರ ನೇಕಾರರಿಗೆ ಕೊಡುತ್ತಿದ್ದರು. ನನ್ನ ಬಾಲ್ಯದ ವಾಸನೆ ಯಾವುದೆಂದು ಯಾರಾದರೂ ಕೇಳಿದರೆ, ಹುರಿದ ಹುಣಸೆಬೀಜದ್ದು ಎಂದೇ ಹೇಳಬೇಕಾಗುತ್ತದೆ.

ತಂದೆಯವರು ಊರ ದವಾಖಾನೆಯಲ್ಲಿ ಆರೋಗ್ಯ ಸಹಾಯಕರಾಗಿದ್ದರು. ಸುತ್ತಲಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಹೋಗಿ ಕೂಸುಗಳಿಗೆ ಲಸಿಕೆ ಹಾಕುವುದು ಅವರ ಕೆಲಸ. ಲಸಿಕೆಯ ಬಾಟಲಿಗಳನ್ನು ಐಸಿನ ನಡುವೆ ಇಟ್ಟು ಒಯ್ಯಬೇಕಾಗಿದ್ದು, ಅದಕ್ಕಾಗಿ ಬಿಳಿಯ ಥರ್ಮಾಕೋಲಿನ ಒಂದು ದೊಡ್ಡ ಪೆಟ್ಟಿಗೆ ಇತ್ತು. ಆ ಪೆಟ್ಟಿಗೆಯನ್ನು ತೊಳೆಯುವುದು ನಿಯಮದ ಪ್ರಕಾರ ದವಾಖಾನೆಯ ಕಸ ಗುಡಿಸುವ ದಿನಗೂಲಿ ಹೆಣ್ಣುಮಗಳಾದ ಹುಲಿಗೆವ್ವನ ಕೆಲಸ. ಆದರೆ ದವಾಖಾನೆಯಲ್ಲಿ ನೀರಿನ ಅಡಚಣೆ ಇದ್ದುದರಿಂದಲೂ, ಬೇರೆಯವರ ತೊಳೆತ ತಂದೆಯವರಿಗೆ ಮನಸ್ಸಿಗೆ ಬಾರದಿದ್ದುದರಿಂದಲೂ, ಹಳ್ಳಿಗೆ ಹೋಗುವ ಹಿಂದಿನ ದಿನ ಅವರೇ ಅದನ್ನು ಮನೆಗೆ ತಂದು, ಸೋಪು ಹಚ್ಚಿ ತೊಳೆದು, ಮಾಳಿಗೆಯ ಬಿಸಿಲಿಗೆ ಇಡುತ್ತಿದ್ದರು. ಇದು ಕೆಲಸದ ಮೇಲಿನ ಅವರ ಶ್ರದ್ಧೆ. ಇದೇ ಮುಂದೆ ಹುಲಿಗೆವ್ವನ ಪಾಲಿಗೆ ಏನಾಯಿತೆಂಬುದನ್ನು ಕೆಳಗೆ ನಿವೇದಿಸಲಿದ್ದೇನೆ.

ನನ್ನ ಅಕ್ಷರ ದುಂಡಗಿತ್ತು. ಆರನೆಯ ಇಯತ್ತೆಯಿಂದಲೇ ತಂದೆಯವರ ಕಾಗದಪತ್ರಗಳನ್ನು ನಾನು ಬರೆಯುತ್ತಿದ್ದೆ. ಅವರು ಕಳಿಸಿದ ಪ್ರತಿಯೊಂದು ಪತ್ರದ ನಕಲು ಟ್ರಂಕಿನಲ್ಲಿರುತ್ತಿತ್ತು. ಆ ನಕಲುಗಳನ್ನು ನೋಡಿ ನೋಡಿಯೇ ನಾನು ಬರವಣಿಗೆ ಕಲಿತೆ. ಓದು ಬಾರದವರು ಅರ್ಜಿ ಬರೆಸಿಕೊಳ್ಳಲು ನಮ್ಮ ಪಡಸಾಲೆಗೆ ಬರುತ್ತಿದ್ದರು. ಅವರ ಹೆಬ್ಬೆಟ್ಟಿನ ಗುರುತಿನ ಕೆಳಗೆ, ‘ಓದಿ ಹೇಳಿ ಬರೆದುಕೊಟ್ಟವರು’ ಎಂದು ನಮೂದಿಸಿ, ಮುಂದೆ ಗಿರಿಜಾ ಎಂದು ನನ್ನ ಹೆಸರನ್ನು ಬರೆಯಬೇಕೆಂದು ತಂದೆಯವರ ಕಟ್ಟಪ್ಪಣೆ ಇತ್ತು. ಅದರ ಅಗತ್ಯವೇನೆಂದು ಒಮ್ಮೆ ಕೇಳಿದ್ದೆ.

“ಅವರಿಗೆ ಓದಾಕ ಬರಂಗಿಲ್ಲ. ನೀ ಏನ ಬರದೀ ಅನ್ನೂದು ಅವರಿಗೇನ ಗೊತ್ತು?” ಎಂದಿದ್ದರು. “ನಾಳೆ ಯಾರರೆ ಕೇಳಿದ್ರ ಬರದಾಂವ ಮುಂದ ನಿಂತು ಹೇಳಬೇಕು. ಅದಕ್ಕ ಹೆಸರು.”

ಅಣ್ಣ ಗಂಗಾವತಿಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಅಂಗಡಿ ಮುಚ್ಚಿತು, ಅವನು ಮನೆಗೆ ಬಂದ. ಬರುವಾಗ ಒಂದು ಚೀಲದಲ್ಲಿ ಮುರಿದ ಆಟಿಕೆಯ ಕಾರನ್ನು ತಂದಿದ್ದ. ಅಕ್ಕಿ ಗಿರಣಿಯ ಮಾಲಕರೊಬ್ಬರು ಮಗನಿಗೆಂದು ಪರದೇಶದಿಂದ ತರಿಸಿದ್ದ ಕಾರಂತೆ. ಗಾಲಿ ಮುರಿದುದರಿಂದ ಬಿಸಾಡಲು ಹೇಳಿದ್ದರು. ಕೈಯಲ್ಲಿ ಹಿಡಿಯುವ ಸಣ್ಣ ಪೆಟ್ಟಿಗೆಗೆ ಎರಡು ಗುಂಡಿ, ಒಂದು ಏರಿಯಲ್ ಕಡ್ಡಿ. ಗುಂಡಿ ಒತ್ತಿದರೆ ದೂರದಲ್ಲಿದ್ದ ಕಾರಿನ ಮುಂಗಾಲಿ ಎಡಕ್ಕೋ ಬಲಕ್ಕೋ ತಿರುಗುತ್ತಿತ್ತು. ನಡುವೆ ತಂತಿ ಇರಲಿಲ್ಲ. ಅಣ್ಣ ಅದನ್ನು ನನಗೆ ತೋರಿಸಿದ ದಿನ ಅವನ ಮುಖದಲ್ಲಿದ್ದ ಕಳೆಯನ್ನು ನಾನು ಆಮೇಲೆ ಅವನ ಮದುವೆಯಲ್ಲಿಯೂ ಕಾಣಲಿಲ್ಲ.

ಅವನು ಮನೆಗೆ ಬಂದ ಮೇಲೆ ನಮ್ಮ ಊಟಗಳು ನೆಮ್ಮದಿಯಾಗಿ ಮುಗಿಯುವುದು ನಿಂತುಹೋಯಿತು. ತಂದೆಯವರಿಗೆ ಅವನು ಲೈನ್‌ಮನ್ ಆಗಬೇಕೆಂಬ ಒಂದೇ ಆಸೆ.

“ಇವತ್ತರೆ ಅರ್ಜಿ ಹಾಕೀಯೋ ಇಲ್ಲೋ?”

“ಗಿರಿಜಾ ಬರದಾಳ. ನಾ ಸಹಿ ಮಾಡೀನಿ.”

“ಸಹಿ ಒಂದ ಮಾಡಾಕ ಬರತೈತಿ ನಿನಗ. ಛಲೋ ಆತು. ದೊಡ್ಡ ಸಾಹೇಬ ಆಗತಿ.”

“ಉಣ್ಣೂ ಮುಂದ ಅರ್ಜಿ ಸುದ್ದಿ ಬ್ಯಾಡ್ರೋ,” ಎಂದು ಆಯಿ ನಡುವೆ ಬರುತ್ತಿದ್ದರು. “ರೊಟ್ಟಿ ಕೇಳಿಸ್ಕೊಂಡ್ರ ಅದೂ ರಜಾ ಹಾಕತೈತಿ.”

ಯಾರೂ ನಗುತ್ತಿರಲಿಲ್ಲ. ಅವ್ವ ಒಲೆಯ ಕಡೆಗೆ ಮುಖ ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಸಿಟ್ಟು ಬಂದಷ್ಟೂ ರೊಟ್ಟಿ ತೆಳ್ಳಗಾಗುತ್ತಿತ್ತು. ತಂದೆಯವರಿಗೆ ಬಹುವಚನ ಹಚ್ಚಿ ಅವ್ವನಿಗೆ ಏಕವಚನ ಬರೆಯುತ್ತಿರುವುದಕ್ಕೆ ಓದುಗರು ಕ್ಷಮಿಸಬೇಕು. ನಮ್ಮ ಮನೆಯಲ್ಲಿ ಭಯ ಒಬ್ಬರ ಬಳಿ ಇತ್ತು, ಸಲುಗೆ ಇನ್ನೊಬ್ಬರ ಬಳಿ.

ದವಾಖಾನೆಯಲ್ಲಿ ಒಡೆದುಹೋದ ಥರ್ಮಾಕೋಲಿನ ತುಂಡುಗಳನ್ನು ಹುಲಿಗೆವ್ವ ಸುಡುವ ಬದಲು ಸೆರಗಿನಲ್ಲಿ ಕಟ್ಟಿ ಅಣ್ಣನಿಗೆ ತಂದುಕೊಡುತ್ತಿದ್ದಳು. ನಾನು ಆಕೆಯನ್ನು ಚಿಕ್ಕಮ್ಮನಂತೆ ಚಿಗವ್ವ ಎಂದು ಕರೆಯುತ್ತಿದ್ದೆ. ಗಂಡ ಇರಲಿಲ್ಲ. ಒಬ್ಬ ಮಗಳನ್ನು ಗಂಗಾವತಿಯ ಕಡೆ ಕೊಟ್ಟಿದ್ದಳು. ಆ ತುಂಡುಗಳಿಂದ ಅಣ್ಣ ವಿಮಾನ ಮಾಡತೊಡಗಿದ. ನಮ್ಮ ಊರಿನ ಮೇಲೆ ಅಪರೂಪಕ್ಕೆ ಬಿಳಿಯ ಗೆರೆ ಎಳೆಯುತ್ತ ಹೋಗುತ್ತಿದ್ದ ಜೆಟ್ಟಿನಂತೆಯೇ ಅದು ಇರಬೇಕೆಂದು ಅವನ ಹಟ. ಚೂಪಾದ ಮೂತಿ, ಹಿಂದಕ್ಕೆ ಸರಿದ ತ್ರಿಕೋನದ ರೆಕ್ಕೆ. ಇಂಜಿನ್ ಇರಲಿಲ್ಲ. ಎರಡು ಗೂಟಗಳ ನಡುವೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ, ಕವಣೆಯಂತೆ ಹಿಂದೆಳೆದು ಬಿಟ್ಟರೆ ಅದು ಮೇಲೇರಿ ತೇಲುತ್ತಿತ್ತು. ಕಾರಿನ ಗಾಲಿ ತಿರುಗಿಸುತ್ತಿದ್ದ ಸಣ್ಣ ಸುರುಳಿಯನ್ನು ಬಾಲಕ್ಕೆ ಕೂರಿಸಿದ್ದರಿಂದ, ಗುಂಡಿ ಒತ್ತಿದಾಗ ಬಾಲ ಹೊರಳಬೇಕಾಗಿತ್ತು.

“ನೌಕರಿ ಇಲ್ಲದಾವನ ವಿಮಾನಕ್ಕ ಇಂಜಿನ್ ಎಲ್ಲಿಂದ ಬರಬೇಕು?” ಎಂದು ತಂದೆಯವರು ಒಮ್ಮೆ ಅಂದರು.

ಹೀಟರಿನ ಹಳೆಯ ತಂತಿಯನ್ನು ನೆಟ್ಟಗೆ ಮಾಡಿ ಬಿಲ್ಲಿಗೆ ಕಟ್ಟಿ, ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಯಿಂದ ಅದನ್ನು ಕಾಯಿಸಿ, ಥರ್ಮಾಕೋಲನ್ನು ಬೆಣ್ಣೆಯಂತೆ ಕೊಯ್ಯುತ್ತಿದ್ದ. ನಾನು ಹಿಡಿದುಕೊಳ್ಳುತ್ತಿದ್ದೆ. ಅಂಟಿಸುವುದೇ ಕಷ್ಟವಾಯಿತು. ಪಂಕ್ಚರಿನ ಸಲ್ಯೂಶನ್ ಹಚ್ಚಿದರೆ ಥರ್ಮಾಕೋಲೇ ನೊರೆಯಂತೆ ಇಳಿದುಹೋಗುತ್ತಿತ್ತು. ಮೊದಲನೆಯ ವಿಮಾನ ಹೀಗೆ ನಮ್ಮ ಕಣ್ಣೆದುರಿಗೆ ಕರಗಿತು. ಪಡಸಾಲೆಯಿಂದ ನೋಡುತ್ತಿದ್ದ ಆಯಿ ತಮ್ಮ ಗಡಿಗೆಯನ್ನು ಮುಂದೆ ಸರಿಸಿದರು.

“ಇದನ್ನ ಹಚ್ಚಿ ನೋಡೋ. ಉಣ್ಣಿ ಎಳಿ ಹಿಡಿಯೂವಂಥಾದು, ನಿನ್ನ ನೊರಿ ಹಿಡಿಯಂಗಿಲ್ಲೇನು?”

ಹಿಡಿಯಿತು. ಬಿಸಿಲಿಗೆ ಒಣಗಿದ ಮೇಲೆ ಬೆರಳಿನಿಂದ ಕೀಳಲು ಬರುತ್ತಿರಲಿಲ್ಲ. ಆದರೆ ರೆಕ್ಕೆಯನ್ನು ನಾಲ್ಕೈದು ತುಂಡು ಕೂಡಿಸಿ ಮಾಡಿದ್ದರಿಂದ, ಟ್ಯೂಬಿನ ಎಳೆತಕ್ಕೆ ಅದು ಪ್ರತಿಸಲವೂ ನಟ್ಟನಡುವೆ ಲಟಕ್ಕನೆ ಮುರಿಯುತ್ತಿತ್ತು. ಊರ ಹೊರಗಿನ ಒಣಗಿದ ಕೆರೆಯಿಂದ ನಾವಿಬ್ಬರೂ ತುಂಡುಗಳನ್ನು ಆರಿಸಿಕೊಂಡು ಎಷ್ಟು ಸಲ ಮನೆಗೆ ಬಂದೆವೋ ಲೆಕ್ಕವಿಲ್ಲ. ಕೂಡಿಕೆ ಇಲ್ಲದ ಒಂದೇ ಹಲಗೆ ಬೇಕು ಎಂದು ಅಣ್ಣ ಹೇಳತೊಡಗಿದ. ನಿದ್ದೆಯಿಂದ ಎದ್ದವನೂ ಅದನ್ನೇ ಹೇಳುತ್ತಿದ್ದ.

ಅಂಥ ಹಲಗೆ ನಮ್ಮ ಊರಿನಲ್ಲಿ ಒಂದೇ ಇತ್ತು. ಒಂದು ಮಧ್ಯಾಹ್ನ ಅದು ನಮ್ಮ ಮಾಳಿಗೆಯ ಮೇಲೆ ಬಿಸಿಲಿಗೆ ಒಣಗುತ್ತಿತ್ತು. ತಂದೆಯವರು ಪೆಟ್ಟಿಗೆಯನ್ನು ತೊಳೆದಿಟ್ಟು ದವಾಖಾನೆಗೆ ಹೋಗಿದ್ದರು. ಮರುದಿನ ನಸುಕಿನಲ್ಲಿ ಲಸಿಕೆ ತೆಗೆದುಕೊಂಡು ದೂರದ ಹಳ್ಳಿಗೆ ಹೋಗುವವರಿದ್ದರು. ಅಣ್ಣ ಮುಚ್ಚಳವನ್ನು ಎತ್ತಿ, ಬೆಳಕಿಗೆ ಹಿಡಿದು, ಎರಡೂ ಕಡೆ ಕೈಯಾಡಿಸಿದ.

“ಅಣ್ಣಾ, ಅದು ಅಪ್ಪಂದು.”

“ಅಪ್ಪಂದಲ್ಲ. ಸರಕಾರದ್ದು. ಸರಕಾರದಾಗ ಇಂಥಾವು ಬೇಕಾದಷ್ಟು ಅದಾವ.”

“ನಾಳೆ ಅಪ್ಪ ಒಯ್ಯಾವ್ರು ಅದಾರ.”

“ಇದರಂಗ ಇನ್ನೊಂದು ಮಾಡಿ ಇಡತೀನಿ. ಗೊತ್ತ ಆಗಂಗಿಲ್ಲ. ನೀ ಗಟ್ಟಿ ಹಿಡಿ, ಅಲುಗಾಡಬ್ಯಾಡ.”

ನಾನು ಹಿಡಿದೆ. ಅಲುಗಾಡಲಿಲ್ಲ. ತಂತಿಯು ಮುಚ್ಚಳದೊಳಗೆ ಹಾಯ್ದುಹೋಗುವಾಗ ಸಣ್ಣಗೆ ಚುಯ್ ಎನ್ನುತ್ತಿತ್ತು. ಬೇಡವೆನ್ನಲು ನನಗೆ ಸಮಯ ಸಾಕಷ್ಟಿತ್ತೆಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ. ನನಗೂ ರೆಕ್ಕೆ ಬೇಕಾಗಿತ್ತು. ಆಮೇಲೆ ಅಣ್ಣ ಮುರಿದ ರೆಕ್ಕೆಗಳ ದಪ್ಪ ತುಂಡುಗಳನ್ನು ಆಯಿಯ ಗಂಜಿಯಿಂದ ಕೂಡಿಸಿ, ಅದೇ ಅಳತೆಯ ಇನ್ನೊಂದು ಮುಚ್ಚಳ ಮಾಡಿ, ಮೇಲೆ ಬಿಳಿಯ ಕಾಗದ ಅಂಟಿಸಿ, ಅದೇ ಬಿಸಿಲಿಗೆ ಇಟ್ಟ. ಇಳಿಹೊತ್ತಿಗೆ ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಅಣ್ಣ ಅದರ ಮೇಲೆ ಮೊಣಕೈ ಊರಿ ಪರೀಕ್ಷಿಸಿ, ಮೊದಲಿನದಕ್ಕಿಂತ ಇದೇ ವಾಸಿ ಎಂದ. ಒಣಗಿದ ಗಂಜಿಯ ಬಲ ನಮಗೆ ಗೊತ್ತಿತ್ತು. ಮಳೆಗೆ ತೋಯ್ದರೆ ಹೊಸ ಕಂಬಳಿಯ ಗಂಜಿ ಬಿಟ್ಟುಕೊಂಡು ಕೈಗೆ ಜಿಗಿಜಿಗಿ ಹತ್ತುತ್ತದೆ ಎಂಬುದೂ, ಆ ಮನೆಯಲ್ಲಿ ಹುಟ್ಟಿ ಬೆಳೆದ ನಮಗಿಬ್ಬರಿಗೂ ಗೊತ್ತಿತ್ತು. ಐಸಿನ ಪೆಟ್ಟಿಗೆ ಒಳಗಿನಿಂದ ಬೆವರುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ.

ಮರುದಿನ ನಸುಕಿನಲ್ಲಿ ತಂದೆಯವರು ಪೆಟ್ಟಿಗೆಗೆ ಬೆಲ್ಟು ಬಿಗಿದು, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದರು. ಹೊತ್ತು ಹುಟ್ಟುವಾಗ ನಾವು ಕೆರೆಯಲ್ಲಿದ್ದೆವು. ದವಾಖಾನೆಯ ಕೆಲಸಕ್ಕೆ ಮೊದಲು ಸಗಣಿ ಆರಿಸಲು ಬಂದಿದ್ದ ಹುಲಿಗೆವ್ವ ಬುಟ್ಟಿ ಇಳಿಸಿ ಏರಿಯ ಮೇಲೆ ಕುಳಿತಳು. ಅಣ್ಣ ಟ್ಯೂಬನ್ನು ತನ್ನ ಎದೆಯವರೆಗೆ ಎಳೆದು ಬಿಟ್ಟ. ವಿಮಾನ ಮುರಿಯಲಿಲ್ಲ. ಅದು ಜಾಲಿಗಿಡಗಳ ಮೇಲಕ್ಕೆ ಏರಿ, ಒಂದು ಗಳಿಗೆ ನಿಂತಂತೆ ಕಂಡು, ಬಿಸಿಲಿಗೆ ಬೆಳ್ಳಗೆ ಹೊಳೆದು, ತೇಲತೊಡಗಿತು. ಅಣ್ಣ ಎಡಗುಂಡಿ ಒತ್ತಿದ. ಅಷ್ಟು ದೂರದಲ್ಲಿ ಬಾಲ ಹೊರಳಿತು, ರೆಕ್ಕೆ ವಾಲಿತು, ವಿಮಾನ ನಮ್ಮ ಕಡೆಗೆ ತಿರುಗಿತು. ಅಣ್ಣ ಗುಂಡಿಯ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ.

“ಬಲಕ್ಕ ಒತ್ತು. ಹೆಬ್ಬೆರಳಿಂದ. ಭಾಳ ಹೊತ್ತು ಹಿಡಿಬ್ಯಾಡ.”

ಒತ್ತಿದೆ. ಅದು ಬಲಕ್ಕೆ ತಿರುಗಿತು. ಮನೆಯಲ್ಲಿ, ಸಾಲೆಯಲ್ಲಿ, ಊರಿನಲ್ಲಿ ನನ್ನ ಮಾತಿಗೆ ಯಾವುದೂ ತಿರುಗಿದ್ದಿಲ್ಲ. ನನ್ನ ಹೆಬ್ಬೆರಳಿಗೆ ಆಕಾಶದಲ್ಲಿನ ಒಂದು ವಸ್ತು ತಿರುಗಿತು.

“ಯವ್ವಾ, ಅದು ನಿನ್ನ ಮಾತು ಕೇಳತೈತಲ್ಲ,” ಎಂದು ಹುಲಿಗೆವ್ವ ಏರಿಯ ಮೇಲಿಂದ ಕೂಗಿದಳು. “ನಮ್ಮನಿ ಆಡು ಸೈತ ನನ್ನ ಮಾತು ಕೇಳಂಗಿಲ್ಲ.”

ವಿಮಾನ ಕೆರೆಯ ನಡುವೆ ಮೆತ್ತಗೆ ಇಳಿಯಿತು. ರೆಕ್ಕೆಗೆ ಒಂದು ಗೀರೂ ಬಿದ್ದಿರಲಿಲ್ಲ. ಹುಲಿಗೆವ್ವ ಅದನ್ನು ಮುಟ್ಟಿ ನೋಡಲು ಕೈ ಚಾಚಿ, ಸಗಣಿಯ ಕೈ ಎಂದು ಹಿಂದೆ ತೆಗೆದುಕೊಂಡಳು. ಆ ರೆಕ್ಕೆಯನ್ನು ಆಕೆ ಮುಟ್ಟಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಂದೆಯವರು ಸೈಕಲ್ಲನ್ನು ನೂಕಿಕೊಂಡು ಮನೆಗೆ ಬಂದರು. ರೊಟ್ಟಿ ಕಟ್ಟಿಕೊಂಡು ಹೋಗಿದ್ದ ಅರಿವೆಯನ್ನು ಪಡಸಾಲೆಯಲ್ಲಿ ಬಿಚ್ಚಿದರು. ಅದರಲ್ಲಿ ಮುಚ್ಚಳದ ಮೂರು ತುಂಡುಗಳಿದ್ದವು. ಅಂಚುಗಳಲ್ಲಿ ಕಂದುಬಣ್ಣದ ಲೋಳೆ. ಹಳ್ಳಿ ಮುಟ್ಟುವ ವೇಳೆಗೆ ಮುಚ್ಚಳ ಬಿಚ್ಚಿಕೊಂಡು, ಐಸು ನೀರಾಗಿ, ಬಾಟಲಿಗಳು ಬಿಸಿಲಿಗೆ ಕಾದಿದ್ದವು. ಗುಡಿಯ ಕಟ್ಟೆಯ ಮೇಲೆ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕಾದಿದ್ದರಂತೆ. ಕೆಟ್ಟ ಲಸಿಕೆಯನ್ನು ಹಾಕಲಾರೆನೆಂದು ತಂದೆಯವರು ಕೈಮುಗಿದು ಹೇಳಿದರಂತೆ. ಅದಕ್ಕೆ ಆ ತಾಯಂದಿರು ಆಡಿದ ಮಾತನ್ನು ತಂದೆಯವರು ನಮ್ಮ ಮುಂದೆ ಹಾಗೆಯೇ ಹೇಳಿದರು.

“‘ಕೂಲಿ ಬಿಟ್ಟು ಬಂದೀವಿ, ಇವ ಡಬ್ಬ್ಯಾಗ ನೀರು ತಂದು ತೋರಿಸಿ ಹೊಂಟಾನ’ ಅಂದ್ರು. ಖರೇ ಐತಿ. ನೀರ ತೋರಿಸಿ ಬಂದೆ.”

ಮರಳುವ ದಾರಿಯಲ್ಲಿ ದವಾಖಾನೆಗೆ ಹೋದಾಗ ಡಾಕ್ಟರು ಕೂಡಲೇ ಕಾರಣ ಕೇಳಿ ನೋಟೀಸು ಕೊಟ್ಟಿದ್ದರು. ಅದೇ ದಿನ ಉತ್ತರ ಕೊಡದಿದ್ದರೆ ಮೇಲಿನವರಿಗೆ ಬರೆಯಲಾಗುವುದೆಂದು ಅದರಲ್ಲಿತ್ತು. ತಂದೆಯವರಿಗೆ ಆಗಿನ್ನೂ ಏನೂ ತಿಳಿದಿರಲಿಲ್ಲ. ಗಟ್ಟಿಯಾಗಿದ್ದ ಪೆಟ್ಟಿಗೆ ಹೀಗೆ ಹೇಗಾಯಿತೆಂದು ತುಂಡುಗಳನ್ನು ಮತ್ತೆ ಮತ್ತೆ ಕೂಡಿಸಿ ನೋಡುತ್ತಿದ್ದರು. ಆಗ ಆಯಿ ಒಂದು ತುಂಡನ್ನು ಎತ್ತಿಕೊಂಡು, ಅಂಚಿನ ಲೋಳೆಯನ್ನು ಬೆರಳಿಗೆ ತೆಗೆದು, ನಾಲಿಗೆಯ ತುದಿಗೆ ಹಚ್ಚಿದರು. ತುಂಡನ್ನು ಅರಿವೆಯ ಮೇಲೆ ತಿರುಗಿ ಇಟ್ಟರು.

“ಇದು ನಂದು,” ಎಂದರು.

ತಂದೆಯವರು ಅಣ್ಣನ ಕಡೆ ನೋಡಿದರು. ಹೊಡೆಯುತ್ತಾರೆಂದುಕೊಂಡೆ. ಹೊಡೆಯಲಿಲ್ಲ. ಟ್ರಂಕು ತೆರೆದು, ಬಿಳಿಯ ಹಾಳೆ ತೆಗೆದು, ನನ್ನ ಮುಂದೆ ಇಟ್ಟರು.

“ಬರಿ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ...”

ಅಲ್ಲಿಗೆ ನಿಂತರು. ಅಣ್ಣ ಕಂಬಕ್ಕೆ ಒರಗಿ ನಿಂತಿದ್ದವನು ಮುಂದೆ ಬಂದ.

“ನನ್ನ ಹೆಸರು ಬರಿ, ಗಿರಿಜಾ. ನಾನ ಕೊಯ್ದೀನಿ.”

“ಬರದ್ರ ಏನಾಗತೈತಿ ಗೊತ್ತೈತೇನು?” ಎಂದರು ತಂದೆಯವರು. ದನಿ ಏರಿರಲಿಲ್ಲ. “ಸರಕಾರಿ ಪೆಟಗಿ ಮನ್ಯಾಗ ಯಾಕಿತ್ತು ಅಂತ ಮೊದಲ ನನ್ನ ಕೇಳತಾರ. ಆಮ್ಯಾಲ ನಿನ್ನ ಅರ್ಜಿ ಎಲ್ಲೆಲ್ಲಿ ಅದಾವೋ ಅಲ್ಲೆಲ್ಲಾ ಈ ಕಾಗದ ಹೋಗತೈತಿ. ಇಬ್ಬರೂ ಮನ್ಯಾಗ ಕುಂದ್ರೂದು.”

ಅವ್ವ ಅಡುಗೆಯ ಅಂಕಣದ ಬಾಗಿಲಲ್ಲಿ ನಿಂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು.

“ಪೆಟಗಿ ತೊಳಿಯೂ ಕೆಲಸ ಯಾರದರಿ?”

ತಂದೆಯವರು ಮುಚ್ಚಳದ ತುಂಡುಗಳನ್ನು ಮತ್ತೆ ಅರಿವೆಯಲ್ಲಿ ಕಟ್ಟತೊಡಗಿದರು.

“ನಾ ಕೇಳಾಕತ್ತೀನಿ. ಕಾಯ್ದೆ ಪ್ರಕಾರ ಯಾರದು?”

“ಹುಲಿಗೆವ್ವಂದು,” ಎಂದರು ತಂದೆಯವರು.

“ಹಂಗಾರ ಹಂಗ ಬರೀರಿ.”

“ಆಕಿ ಏನ ಮಾಡ್ಯಾಳವಾ?” ಎಂದರು ಆಯಿ.

“ಏನರೆ ಮಾಡ್ಯಾಳ ಅಂತ ನಾ ಅಂದಿಲ್ಲ, ಅತ್ತಿ. ಕೆಲಸ ಆಕೀದು ಅಂದೆ, ಅಷ್ಟ.”

ತಂದೆಯವರು ಎದ್ದು ಹೊರಗೆ ಹೋಗಿ, ಸೈಕಲ್ಲಿನ ಹತ್ತಿರ ನಿಂತು, ಖಾಲಿ ಕ್ಯಾರಿಯರನ್ನು ಹಿಡಿದುಕೊಂಡರು. ಮುಂದಿನ ವಾಕ್ಯವನ್ನು ಅವರು ಹೇಳಿ ಬರೆಸಲಿಲ್ಲ ಎಂಬುದನ್ನು ಸ್ಪಷ್ಟಪಡಿಸುತ್ತೇನೆ. ಅವ್ವನೂ ಹೇಳಲಿಲ್ಲ, ಅವ್ವನಿಗೆ ಆ ಭಾಷೆ ಬರುತ್ತಿರಲಿಲ್ಲ. ಟ್ರಂಕು ತೆರೆದೇ ಇತ್ತು. ಹಳೆಯ ನಕಲುಗಳಲ್ಲಿ ಇಂಥ ಸಂದರ್ಭಕ್ಕೆ ಒದಗುವ ಮಾತುಗಳಿದ್ದವು. ಅವುಗಳಲ್ಲಿ ಒಂದರಿಂದ ಅರ್ಧ, ಇನ್ನೊಂದರಿಂದ ಅರ್ಧ ತೆಗೆದು, ನಡುವೆ ಹೊಸದನ್ನು ಸೇರಿಸಿ ನಾನು ಬರೆದೆ: ಸದರಿ ಪೆಟ್ಟಿಗೆಯ ಸ್ವಚ್ಛತೆಯ ಕಾರ್ಯವು ದಿನಗೂಲಿ ನೌಕರಳಿಗೆ ಸೇರಿದ್ದಾಗಿದ್ದು, ಆಕೆಯ ಅಜಾಗರೂಕತೆಯಿಂದ ಮುಚ್ಚಳವು ಭಗ್ನಗೊಂಡಿರುತ್ತದೆ. ನನಗೆ ಆಗ ಹದಿಮೂರು ವರ್ಷ. ನಾನು ಸ್ವಂತವಾಗಿ ರಚಿಸಿದ ಮೊದಲ ವಾಕ್ಯ ಅದು. ಬೆಳಿಗ್ಗೆ ಗುಂಡಿಯ ಮೇಲೆ ಇದ್ದ ಹೆಬ್ಬೆರಳು ಈಗ ಪೆನ್ನಿನ ಮೇಲಿತ್ತು. ಯಾವ ಕಡೆ ಒತ್ತಿದರೆ ಏನು ತಿರುಗುತ್ತದೆಂದು ಅದಕ್ಕೆ ತಿಳಿದಿತ್ತು.

ತಂದೆಯವರು ಒಳಗೆ ಬಂದು ಓದಿದರು. ಎರಡು ಸಲ ಓದಿದರು.

“ಛಲೋ ಬರದಿ,” ಎಂದು ಸಹಿ ಮಾಡಿದರು.

ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಎರಡು ದಿನದ ಮೇಲೆ ಹುಲಿಗೆವ್ವ ನಮ್ಮ ಪಡಸಾಲೆಗೆ ಬಂದಳು. ಕೈಯಲ್ಲಿ ನಾಲ್ಕು ಮಡಿಕೆಯ ಕಾಗದವಿತ್ತು. ತಂದೆಯವರು ಮನೆಯಲ್ಲಿರಲಿಲ್ಲ. ಆಯಿ ಬೀಜ ಸುಲಿಯುತ್ತಿದ್ದವರು ತಲೆ ಎತ್ತಲಿಲ್ಲ.

“ಗಿರಿಜವ್ವಾ, ಇದರಾಗ ಏನ ಬರದಾರ ನೋಡಿ ಹೇಳ. ಡಾಕ್ಟರು ಕೊಟ್ಟು, ನಾಳಿಂದ ಬರಬ್ಯಾಡ ಅಂದ್ರು. ಯಾಕರಿ ಅಂದ್ರ, ಕಾಗದದಾಗ ಐತಿ ಅಂದ್ರು.”

ಕಾಗದದಲ್ಲಿ ನನ್ನ ವಾಕ್ಯವೇ ಇತ್ತು. ಒಂದು ಅಕ್ಷರವನ್ನೂ ಬದಲಿಸದೆ ಇಳಿಸಿಕೊಂಡಿದ್ದರು. ನಾನು ಅದನ್ನು ಆಕೆಗೆ ಓದಿ ಹೇಳಿದೆ. ಕಠಿಣ ಶಬ್ದಗಳ ಅರ್ಥ ಕೇಳಿದಳು; ಅದನ್ನೂ ಹೇಳಿದೆ.

“ಮುಚ್ಚಳ ಒಡದೀನಿ ಅಂತನ? ನಾ ಆ ಪೆಟಗಿ ಮುಟ್ಟೇ ಇಲ್ಲಲ್ಲವಾ. ನಿಮ್ಮಪ್ಪನ ತೊಳೀತಿದ್ರು. ಅವರಿಗೇ ಗೊತ್ತೈತಿ. ಅವರ ಮುಂದ ಯಾರೋ ಸುಳ್ಳು ಹೇಳ್ಯಾರ.” ಕಾಗದವನ್ನು ಮತ್ತೆ ಮಡಿಚಿದಳು. “ನಿನ್ನ ಅಕ್ಷರ ಛಲೋ ಅದಾವ. ನನಗೊಂದು ಅರ್ಜಿ ಬರದು ಕೊಡು ತಂಗಿ. ನಾ ಮುಟ್ಟಿಲ್ಲ ಅಂತ ಬರಿ. ನಿಮ್ಮಪ್ಪನ ಕೈಯಾಗ ಕೊಡು, ಅವರು ಮುಟ್ಟಸ್ತಾರ.”

ಬರೆದುಕೊಟ್ಟೆ. ಹೆಬ್ಬೆಟ್ಟಿಗೆ ನೇರಳೆ ಮಸಿ ಹಚ್ಚಿ, ಕೈ ಹಿಡಿದು ಒತ್ತಿಸಿದೆ. ಅದರ ಕೆಳಗೆ, ‘ಓದಿ ಹೇಳಿ ಬರೆದುಕೊಟ್ಟವರು’ ಎಂದು ಬರೆದು, ಮುಂದಿನ ಜಾಗವನ್ನು ಖಾಲಿ ಬಿಟ್ಟೆ. ಹುಲಿಗೆವ್ವನಿಗೆ ಅದು ತಿಳಿಯುವಂತಿರಲಿಲ್ಲ. ಸೆರಗಿನ ಗಂಟು ಬಿಚ್ಚಿ, ದವಾಖಾನೆಯಿಂದ ಕೊನೆಯದಾಗಿ ತಂದಿದ್ದ ಥರ್ಮಾಕೋಲಿನ ಎರಡು ತುಂಡುಗಳನ್ನು ನನ್ನ ಮುಂದೆ ಇಟ್ಟಳು.

“ನಿಮ್ಮಣ್ಣ ಬಸಪ್ಪಗ ಕೊಡು. ಇನ್ನ ಮ್ಯಾಲ ಸಿಗಂಗಿಲ್ಲ.”

ಸಂಜೆ ತಂದೆಯವರು ಅರ್ಜಿಯನ್ನು ನಿಂತುಕೊಂಡೇ ಓದಿ, ಟ್ರಂಕಿನಲ್ಲಿ ತಮ್ಮ ನಕಲುಗಳ ಕೆಳಗೆ ಇಟ್ಟು ಮುಚ್ಚಿದರು. ನಾನು ನೋಡುತ್ತಿದ್ದೆ. ನಾನು ನೋಡುತ್ತಿರುವುದು ಅವರಿಗೂ ಗೊತ್ತಿತ್ತು. ಆಮೇಲೆ ಎದುರಾದಾಗಲೆಲ್ಲ ಹುಲಿಗೆವ್ವ ಅರ್ಜಿಯ ಸುದ್ದಿ ಕೇಳುತ್ತಿದ್ದಳು. ಮ್ಯಾಲ ಕಳಿಸ್ಯಾರ ಚಿಗವ್ವಾ, ಇನ್ನೂ ಬಂದಿಲ್ಲ, ಎನ್ನುತ್ತಿದ್ದೆ. ಮೇಲೆ ಎಂದರೆ ಕೊಪ್ಪಳವೇ ಎಂದು ಒಮ್ಮೆ ಕೇಳಿದಳು. ಅದಕ್ಕೂ ಮ್ಯಾಲ ಎಂದೆ. ನಾಟಿಯ ಕಾಲಕ್ಕೆ ಮಗಳ ಊರಿನ ಕಡೆ ಭತ್ತದ ಗದ್ದೆಗೆ ಕೂಲಿಗೆ ಹೋದವಳು ತಿರುಗಿ ಬರಲಿಲ್ಲ. ನಡು ಬಗ್ಗಿಸಿ ನಾಟಿ ಹಚ್ಚುವ ಕೆಲಸ ಆ ವಯಸ್ಸಿನವರದಲ್ಲ. ಗಂಗಾವತಿಯ ಕಡೆಯ ವಿರೂಪಾಪುರಗಡ್ಡೆಯಲ್ಲಿ ಆಕೆಯನ್ನು ಕಂಡಿದ್ದಾಗಿ ಯಾರೋ ಹೇಳಿದರು. ಕೆಲವು ವರ್ಷಗಳ ಮೇಲೆ, ಆಕೆ ಈಗ ಬದುಕಿಲ್ಲವೆಂದು ಹೇಳಿದರು.

ಅಣ್ಣನಿಗೆ ಲೈನ್‌ಮನ್ ನೌಕರಿ ಸಿಕ್ಕಿತು. ವಿಮಾನವನ್ನು ಅವನು ಮತ್ತೆ ಹಾರಿಸಲಿಲ್ಲ. ಅದು ಅಡುಗೆಯ ಅಂಕಣದಲ್ಲಿ ಮಾಳಿಗೆಯ ಜಂತಿಗೆ ತೂಗುಬಿದ್ದಿತ್ತು. ಒಂದು ಮಳೆಗಾಲದಲ್ಲಿ ಬೆಳಕಿಂಡಿಯಿಂದ ನೀರು ಸೋರಿ, ಗಂಜಿ ಬಿಟ್ಟುಕೊಂಡು, ಮೂತಿ ಬಿತ್ತು, ಬಾಲ ಬಿತ್ತು. ಕೂಡಿಕೆ ಇಲ್ಲದ ರೆಕ್ಕೆ ಮಾತ್ರ ಹಾಗೆಯೇ ಉಳಿಯಿತು. ಆಯಿ ಬದುಕಿರುವವರೆಗೂ ಅದರ ಕೆಳಗೆ ಕುಳಿತು ಊಟ ಮಾಡಲಿಲ್ಲ. ತಟ್ಟೆಯನ್ನು ಪಡಸಾಲೆಗೆ ತರಿಸಿಕೊಳ್ಳುತ್ತಿದ್ದರು. ನನ್ನ ಅಕ್ಷರ ಮತ್ತು ಒಕ್ಕಣೆಯನ್ನು ನೋಡಿ ನನಗೂ ಮುಂದೆ ಕಚೇರಿಯ ಕೆಲಸವಾಯಿತು. ಕಡತಗಳ ಮೇಲೆ ಇಂಥ ವಾಕ್ಯಗಳನ್ನು ಬರೆಯುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ತಂದೆಯವರು ತೀರಿಕೊಂಡ ಮೇಲೆ ಟ್ರಂಕು ನನ್ನ ಪಾಲಿಗೆ ಬಂತು. ಅರ್ಜಿ ಅವರು ಇಟ್ಟ ಜಾಗದಲ್ಲಿಯೇ ಇತ್ತು. ನೇರಳೆ ಮಸಿ ಮಾಸಿ ಕಂದಾಗಿದೆ. ಹೆಬ್ಬೆಟ್ಟಿನ ಗೆರೆಗಳು ಇನ್ನೂ ಕಾಣುತ್ತವೆ. ಅದನ್ನು ತಲುಪಿಸಬೇಕಾದ ಕಚೇರಿಯಲ್ಲಿ ಈಗ ಅದನ್ನು ಸ್ವೀಕರಿಸುವವರು ಯಾರೂ ಇಲ್ಲ. ಆದ್ದರಿಂದ ಅದನ್ನು ಯಥಾವತ್ತಾಗಿ ಇಲ್ಲಿ ಸಲ್ಲಿಸುತ್ತಿದ್ದೇನೆ. ಖಾಲಿ ಬಿಟ್ಟಿದ್ದ ಜಾಗವನ್ನು ಮಾತ್ರ ಇಂದು ಭರ್ತಿ ಮಾಡಿದ್ದೇನೆ.

ಮಾನ್ಯ ಡಾಕ್ಟರ್ ಸಾಹೇಬರ ಸನ್ನಿಧಿಗೆ, ದವಾಖಾನೆಯಲ್ಲಿ ಕಸ ಗುಡಿಸುವ ಹುಲಿಗೆವ್ವ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಐಸ್ ಪೆಟ್ಟಿಗೆಯ ಮುಚ್ಚಳವನ್ನು ನಾನು ಮುಟ್ಟಿರುವುದಿಲ್ಲ. ಅದು ಹೇಗೆ ಒಡೆಯಿತೆಂದು ನನಗೆ ಗೊತ್ತಿರುವುದಿಲ್ಲ. ಗೊತ್ತಿದ್ದವರನ್ನು ಕೇಳಿ, ನನ್ನನ್ನು ಮತ್ತೆ ಕೆಲಸಕ್ಕೆ ಕರೆಯಬೇಕಾಗಿ ಬೇಡಿಕೊಳ್ಳುತ್ತೇನೆ.

ಹುಲಿಗೆವ್ವನ ಎಡಗೈ ಹೆಬ್ಬೆಟ್ಟಿನ ಗುರುತು.

ಓದಿ ಹೇಳಿ ಬರೆದುಕೊಟ್ಟವರು: ಗಿರಿಜಾ. ಮುಚ್ಚಳವನ್ನು ಅಲುಗಾಡದಂತೆ ಹಿಡಿದುಕೊಂಡಿದ್ದವಳೂ ಇವಳೇ.